ಒಕ್ಕಲುತನದ ಕೆಲಸದಲ್ಲಿ ಸ್ನಾಯುಗಳ ಸೆಳೆತ: ಬೆರಳೊತ್ತಿನ ಉಪಚಾರವೂ ಸ್ವಂತ ಆರೈಕೆಯೂ

ಎತ್ತಿಗೆ ಕಾಲುನೋವಾದರೆ ಒಕ್ಕಲಿಗನು ಆ ದಿನ ಅದರ ಹೆಗಲಿಗೆ ನೊಗವನ್ನಿಡುವದಿಲ್ಲ. ಗೊರಸನ್ನೆತ್ತಿ ನೋಡುವನು, ಮುಳ್ಳು ನಟ್ಟಿದೆಯೋ ಬಾವು ಬಂದಿದೆಯೋ ಎಂದು ಪರೀಕ್ಷಿಸುವನು, ತನಗೆ ತಿಳಿಯದಿದ್ದರೆ ಪಶುವೈದ್ಯರನ್ನು ಕರೆಯಿಸುವನು. ಆದರೆ ಅದೇ ಹೊಲದಲ್ಲಿ ದುಡಿಯುವ ಮನುಷ್ಯನ ಕಾಲು ಹಿಡಿದುಕೊಂಡರೆ, "ತುಸು ತಿಕ್ಕಿಕೋ, ತಾನೇ ಬಿಡುತ್ತದೆ" ಎಂಬ ಮಾತೇ ಹೆಚ್ಚಾಗಿ ಕೇಳಿಬರುವದು. ಬಹುಪಾಲು ಸಂದರ್ಭಗಳಲ್ಲಿ ಈ ಮಾತು ಸುಳ್ಳಾಗುವದಿಲ್ಲ. ಆದರೆ ಸುಳ್ಳಾದ ದಿನ ಅದಕ್ಕೆ ತೆರಬೇಕಾದ ಬೆಲೆಯು ಬಲು ದೊಡ್ಡದು. ಎತ್ತಿನ ವಿಷಯದಲ್ಲಿ ತೋರಿಸುವ ಜಾಣತನವನ್ನು ಮನುಷ್ಯರ ವಿಷಯದಲ್ಲಿಯೂ ಹೇಗೆ ತೋರಿಸತಕ್ಕದ್ದೆಂಬುದನ್ನು ಊರ ಮುಖಂಡರಿಗೂ ಭೂಮಾಲಿಕರಿಗೂ ತಿಳಿಸುವದೇ ಈ ಲೇಖದ ಉದ್ದೇಶವು.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕು ಸಹ್ಯಾದ್ರಿಯ ಸೆರಗಿನಲ್ಲಿದೆ. ಮಲಪ್ರಭಾ ನದಿಯು ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರ ಪಟ್ಟಣದ ಬದಿಯಿಂದ ಹರಿದುಹೋಗುವದು. ಕಣಕುಂಬಿ, ಜಾಂಬೋಟಿ, ಲೋಂಡಾಗಳ ಕಡೆಗೆ ಮಳೆಯು ಬಹು ಹೆಚ್ಚು. ಬತ್ತವೇ ಅಲ್ಲಿಯ ಮುಖ್ಯ ಬೆಳೆ. ನಾಟಿಯ ದಿನಗಳಲ್ಲಿ ಹೆಣ್ಣುಮಕ್ಕಳು ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು, ನಡುವನ್ನು ಬಗ್ಗಿಸಿ, ಹಿಂದೆ ಹಿಂದೆ ಸರಿಯುತ್ತ ತಾಸುಗಟ್ಟಲೆ ಸಸಿ ನೆಡಬೇಕಾಗುವದು. ಬಯಲುಭಾಗದಲ್ಲಿ ಚಳಿಗಾಲದ ತುಂಬ ಕಬ್ಬಿನ ಕಡಿತ. ಖಾನಾಪುರದ ಕೆಂಪು ಮಣ್ಣಿನ ಮಡಕೆಗಳೂ ಹೆಂಚುಗಳೂ ಹೆಸರಾದವು. ಅಲ್ಲಿಯ ಕುಂಬಾರರು ಮಣ್ಣು ತುಳಿದು, ತಿಗರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ದಿನ ಕಳೆಯುವರು. ಅಲ್ಲಿಂದ ಸುಮಾರು ೨೬ ಕಿಲೋಮೀಟರಿನ ಮೇಲಿರುವ ಬೆಳಗಾವಿ ನಗರದಲ್ಲಿಯೂ ಶರೀರಶ್ರಮವು ಕಡಿಮೆಯಿಲ್ಲ. ಶಾಹಪುರ, ವಡಗಾವಿ, ಅನಗೋಳ, ಯಳ್ಳೂರುಗಳ ಸುತ್ತ ಇಂದಿಗೂ ಬತ್ತದ ಗದ್ದೆಗಳಿವೆ. ರವಿವಾರ ಪೇಟೆಯಲ್ಲಿ ಹಮಾಲರು ಚೀಲ ಹೊರುವರು. ವಡಗಾವಿ, ಖಾಸಬಾಗಗಳ ನೇಕಾರರು ಮಗ್ಗದ ಮುಂದೆ ದುಡಿಯುವರು. ಇವರೆಲ್ಲರಿಗೂ ಪರಿಚಿತವಾದ ಬೇನೆಯೊಂದೇ: ಮೀನಖಂಡ, ಪಾದ, ನಡ, ಕುತ್ತಿಗೆ ಇಲ್ಲವೆ ಅಂಗೈಯ ಸ್ನಾಯುವು ಒಮ್ಮೆಲೆ ಗಂಟುಕಟ್ಟಿದಂತೆ ಬಿಗಿದು ನಿಲ್ಲುವದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಆಷಾಢದ ಒಂದು ದಿನ ಜಾಂಬೋಟಿಯ ಕಡೆಯ ಗದ್ದೆಯೊಂದರಲ್ಲಿ ಇಬ್ಬರು ಕೆಲಸಗಾರರು ಬದುವಿನ ಮೇಲೆ ಕುಳಿತರು. ಇಬ್ಬರೂ ಮೀನಖಂಡವನ್ನು ಹಿಡಿದುಕೊಂಡು "ನೋವು" ಎಂದರು. ಒಬ್ಬನ ಕಾಲು ಕಲ್ಲಿನಂತೆ ಬಿಗಿದಿತ್ತು. ಕಾಲ್ಬೆರಳುಗಳನ್ನು ಮೇಲಕ್ಕೆಳೆದು ಒತ್ತಿದ ಕೂಡಲೆ ಎರಡು ಮಿನಿಟಿನಲ್ಲಿ ಸಡಿಲಾಯಿತು. ಇನ್ನೊಬ್ಬನ ಕಾಲಿನಲ್ಲಿ ಗಂಟಿರಲಿಲ್ಲ. ಆದರೆ ಎರಡೂ ಮೀನಖಂಡಗಳು ಮುಟ್ಟಿದರೆ ನೋಯುತ್ತಿದ್ದವು, ಮೈ ಸುಡುತ್ತಿತ್ತು, ಕಣ್ಣು ಕೆಂಪಾಗಿದ್ದವು. ಮೊದಲನೆಯವನಿಗೆ ಬೇಕಾದದ್ದು ಬೆರಳಿನ ಒತ್ತು. ಎರಡನೆಯವನಿಗೆ ಬೇಕಾದದ್ದು ದವಾಖಾನೆ. ಇಬ್ಬರಿಗೂ ಒಂದೇ ಬಗೆಯಾಗಿ ತಿಕ್ಕಿ ಮನೆಗೆ ಕಳಿಸಿದರೆ ಎರಡನೆಯವನ ಪ್ರಾಣಕ್ಕೇ ಅಪಾಯವುಂಟು. ಆದುದರಿಂದ ಈ ವಿಷಯದಲ್ಲಿ ಮೊದಲನೆಯ ಪಾಠವು ಇಷ್ಟೆ: ಕೈ ಹಚ್ಚುವ ಮೊದಲು ಕಣ್ಣಿಟ್ಟು ನೋಡಬೇಕು.

೧. ಸೆಳೆತವು ಏಕೆ ಬರುವದು?

ಸ್ನಾಯುವು ತಾನಾಗಿ ಬಿಗಿಯುವದಿಲ್ಲ. ಬೆನ್ನುಹುರಿಯಿಂದ ಹೊರಟ ನರವು ಅಪ್ಪಣೆ ಕೊಟ್ಟಾಗ ಅದು ಬಿಗಿಯುವದು, ಅಪ್ಪಣೆ ನಿಂತಾಗ ಸಡಿಲಾಗುವದು. ದಣಿದ ಸ್ನಾಯುವಿನ ವಿಷಯದಲ್ಲಿ ಈ ವ್ಯವಸ್ಥೆಯು ಕೆಡುವದು; ನರವು ಬಿಡುವಿಲ್ಲದೆ ಅಪ್ಪಣೆಯ ಮೇಲೆ ಅಪ್ಪಣೆ ಕಳಿಸಹತ್ತುವದು; ಸ್ನಾಯುವು ಬಿಗಿದು ಬಿಗಿದು ಗಂಟಾಗುವದು. ಸ್ನಾಯುವು ಮೊದಲೇ ಮುದುಡಿದ ಸ್ಥಿತಿಯಲ್ಲಿದ್ದರೆ ಇದು ಬೇಗನೆ ಆಗುವದು. ರಾತ್ರಿ ಹಾಸಿಗೆಯಲ್ಲಿ ಪಾದವು ಕೆಳಮುಖವಾಗಿ ಚಾಚಿಕೊಂಡು ಮೀನಖಂಡವು ಕುಗ್ಗಿರುವದರಿಂದಲೇ ದಿನವೆಲ್ಲ ದುಡಿದವರಿಗೆ ನಿದ್ರೆಯಲ್ಲಿ ಕಾಲು ಹಿಡಿಯುವದು. ಇದಕ್ಕೆ ಪ್ರತಿಯಾಗಿ, ಸ್ನಾಯುವನ್ನು ಮೆಲ್ಲನೆ ಎಳೆದು ಉದ್ದ ಮಾಡಿದರೆ ಅದರ ತುದಿಯ ಕಂಡರದಿಂದ ಬೆನ್ನುಹುರಿಗೆ "ಸಾಕು" ಎಂಬ ಸುದ್ದಿಯು ಮುಟ್ಟಿ ನರವು ಶಾಂತವಾಗುವದು. ಎಳೆತವೇ ಸೆಳೆತಕ್ಕೆ ಮೊದಲನೆಯ ಮದ್ದೆಂದು ಹೇಳುವದು ಈ ಕಾರಣದಿಂದಲೇ.

ಬೆವರಿನ ಪಾತ್ರವೂ ಉಂಟು. ೧೯೨೩ರಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಕೆಲಸಗಾರರನ್ನು ಕುರಿತು ಕೆ. ನೆವಿಲ್ ಮಾಸ್ ಎಂಬವರು ಪರಿಶೋಧನೆ ನಡೆಸಿದರು. ಬಿಸಿಯಾದ ಸುರಂಗದಲ್ಲಿ ಬೆವರು ಸುರಿಸಿ, ಬರಿಯ ನೀರನ್ನು ಹೊಟ್ಟೆತುಂಬ ಕುಡಿದವರಿಗೆ ಸೆಳೆತ ಬರುವದನ್ನೂ ನೀರಿನಲ್ಲಿ ತುಸು ಉಪ್ಪು ಕೂಡಿಸಿದರೆ ಅದು ಕಡಿಮೆಯಾಗುವದನ್ನೂ ಕಂಡರು. ಮುಂದೆ ಅಮೇರಿಕದಲ್ಲಿ ಹೂವರ್ ಅಣೆಕಟ್ಟನ್ನು ಕಟ್ಟುವಾಗ ಬಿಸಿಲಿನಲ್ಲಿ ದುಡಿದ ಕೆಲಸಗಾರರಲ್ಲಿಯೂ ಇಂಥ ಸೆಳೆತವನ್ನು ವೈದ್ಯರು ಅಭ್ಯಸಿಸಿದರು. ಆದರೆ ಉಪ್ಪಿನ ಕೊರತೆಯೊಂದೇ ಕಾರಣವಲ್ಲವೆಂಬುದು ಈಚಿನ ತಿಳಿವಳಿಕೆ. ಬೆವರೇ ಬಾರದ ತಂಪು ರಾತ್ರಿಯಲ್ಲಿಯೂ ಸೆಳೆತ ಬರುವದುಂಟು. ಆಗ ದಣಿವು, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವದು, ವಯಸ್ಸು, ಬಸುರಿತನ, ಸಕ್ಕರೆರೋಗ, ಮೂತ್ರಪಿಂಡದ ರೋಗ, ಇಲ್ಲವೆ ಮೂತ್ರ ಹೆಚ್ಚಿಸುವ ಔಷಧಗಳ ಸೇವನೆ ಇವುಗಳಲ್ಲಿ ಯಾವುದಾದರೊಂದು ಕಾರಣವಾಗಿರಬಹುದು.

೨. ಒತ್ತಬಾರದ ನೋವುಗಳು

ಕೆಳಗೆ ಹೇಳಿದ ಐದು ಲಕ್ಷಣಗಳಲ್ಲಿ ಯಾವುದು ಕಂಡರೂ ತಿಕ್ಕುವದನ್ನೂ ಒತ್ತುವದನ್ನೂ ಬಿಟ್ಟು ರೋಗಿಯನ್ನು ದವಾಖಾನೆಗೆ ಸಾಗಿಸತಕ್ಕದ್ದು.

ಮೊದಲನೆಯದು, ಜ್ವರದೊಡನೆ ಮೀನಖಂಡದ ನೋವು. ಇದು ಇಲಿಜ್ವರವಾಗಿರಬಹುದು. ಇಲಿ, ದನಕರು ಮೊದಲಾದವುಗಳ ಮೂತ್ರದಿಂದ ಕೆಟ್ಟ ನೀರು ಹಾಗೂ ಕೆಸರಿನೊಳಗಿನ ಸೂಕ್ಷ್ಮಜೀವಿಯು ಕಾಲಿನ ಬಿರುಕು ಅಥವಾ ಗಾಯದ ಮಾರ್ಗವಾಗಿ ದೇಹವನ್ನು ಸೇರುವದರಿಂದ ಈ ರೋಗವುಂಟಾಗುವದು. ಬತ್ತದ ಗದ್ದೆಯಲ್ಲಿ ಬರಿಗಾಲಿನಿಂದ ದುಡಿಯುವವರಿಗೂ ಕಬ್ಬು ಕಡಿಯುವವರಿಗೂ ಇದರ ಭಯವು ವಿಶೇಷ. ಸಾಮಾನ್ಯವಾಗಿ ಕೆಸರಿನಲ್ಲಿ ಇಳಿದ ಒಂದೆರಡು ವಾರಗಳೊಳಗೆ ಜ್ವರ, ತಲೆನೋವು, ಮೀನಖಂಡ ಮತ್ತು ನಡುವಿನ ತೀವ್ರ ನೋವು, ಕಣ್ಣು ಕೆಂಪಾಗುವದು, ಇವು ಕಾಣಿಸುವವು. ಕಣ್ಣು ಹಳದಿಯಾಗುವದೂ ಮೂತ್ರ ಕಡಿಮೆಯಾಗುವದೂ ಕೆಟ್ಟ ಚಿಹ್ನೆಗಳು. ಬೇಗನೆ ಔಷಧ ದೊರೆತರೆ ರೋಗಿಯು ಗುಣಹೊಂದುವನು. ತಡವಾದರೆ ಮೂತ್ರಪಿಂಡಗಳೂ ಯಕೃತ್ತೂ ಕೆಡುವವು. ರೋಗಿಯು ಗದ್ದೆಯಲ್ಲಿ ದುಡಿದವನೆಂಬ ಮಾತನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಎರಡನೆಯದು, ದವಡೆ ಬಿಗಿಯುವದು. ಕೆಲವು ದಿನಗಳ ಹಿಂದೆ ಮೊಳೆ, ಮುಳ್ಳು, ಕುಡುಗೋಲು ತಗಲಿದ ಗಾಯವಿದ್ದು, ಈಗ ಬಾಯಿ ತೆರೆಯಲು ಬಾರದೆ, ಕುತ್ತಿಗೆ, ಬೆನ್ನು ಬಿಲ್ಲಿನಂತೆ ಬಿಗಿದರೆ ಅದು ಧನುರ್ವಾಯು. ಇಂಥವನನ್ನು ಮುಟ್ಟಿ ತಿಕ್ಕಿದಷ್ಟೂ ಸೆಳೆತವು ಹೆಚ್ಚುವದು. ಗಾಯವಾದಾಗಲೇ ಚುಚ್ಚುಮದ್ದು ಹಾಕಿಸಿಕೊಂಡಿದ್ದರೆ ಈ ಅನರ್ಥವು ತಪ್ಪುವದು.

ಮೂರನೆಯದು, ಔಷಧ ಸಿಂಪಡಿಸಿದವನ ಸ್ನಾಯುಗಳು ಅದುರುವದು. ಕೀಟನಾಶಕಗಳಲ್ಲಿ ರಂಜಕಯುಕ್ತವಾದ ಕೆಲವು ಬಗೆಗಳು ಚರ್ಮದ ಮೂಲಕವೂ ಉಸಿರಿನ ಮೂಲಕವೂ ಮೈಸೇರುವವು. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಿಪರೀತ ಬೆವರು, ಕಣ್ಣಪಾಪೆ ಸಣ್ಣದಾಗುವದು, ಸ್ನಾಯುಗಳು ಹುಳು ಹರಿದಂತೆ ಮಿಡುಕುವದು, ಇವು ವಿಷದ ಗುರುತುಗಳು. ಬಟ್ಟೆಯನ್ನು ತೆಗೆಯಿಸಿ, ಮೈಯನ್ನು ಸಾಬೂನಿನಿಂದ ತೊಳೆದು, ಔಷಧದ ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು ತಡಮಾಡದೆ ದವಾಖಾನೆಗೆ ಒಯ್ಯಬೇಕು. ತೊಳೆಯುವವರು ತಮ್ಮ ಕೈಗೆ ವಿಷವು ತಗಲದಂತೆ ಎಚ್ಚರ ವಹಿಸತಕ್ಕದ್ದು.

ನಾಲ್ಕನೆಯದು, ಒಂದೇ ಕಾಲು ಊದಿಕೊಂಡು, ಬೆಚ್ಚಗಾಗಿ, ಕೆಂಪೇರಿ ನೋಯುವದು. ರಕ್ತನಾಳದಲ್ಲಿ ರಕ್ತವು ಹೆಪ್ಪುಗಟ್ಟಿದ್ದರೆ ಹೀಗಾಗುವದು. ಬಾಣಂತಿಯರಲ್ಲಿಯೂ ಬಹುದಿನ ಹಾಸಿಗೆ ಹಿಡಿದವರಲ್ಲಿಯೂ ಇದು ಹೆಚ್ಚು. ಈ ಕಾಲನ್ನು ನೀವಿದರೆ ಹೆಪ್ಪು ಕಿತ್ತು ಪುಪ್ಪುಸಕ್ಕೆ ಹೋಗಿ ಪ್ರಾಣವನ್ನೇ ತೆಗೆದುಕೊಳ್ಳಬಹುದು.

ಐದನೆಯದು, ನಡುನೋವಿನೊಡನೆ ಕಾಲು ಜೋಮುಹಿಡಿದು ಶಕ್ತಿ ಕುಂದುವದು ಅಥವಾ ಮಲಮೂತ್ರಗಳ ಹಿಡಿತ ತಪ್ಪುವದು. ಇಲ್ಲವೆ ಎದೆ, ಎಡಭುಜ, ದವಡೆಗಳಿಗೆ ಹಬ್ಬುವ ನೋವಿನೊಡನೆ ಬೆವರು, ಉಬ್ಬಸ ಬರುವದು. ಮೊದಲನೆಯದು ಬೆನ್ನುಹುರಿಯ ನರಗಳದು, ಎರಡನೆಯದು ಹೃದಯದ್ದು. ಇವೆರಡೂ ತಾಸುಗಳ ಲೆಕ್ಕದ ಕಾಯಿಲೆಗಳು, ನಾಳೆಗೆ ತಳ್ಳತಕ್ಕವಲ್ಲ.

೩. ಬೆರಳೊತ್ತಿನ ಉಪಚಾರದ ಮೂಲ

ಮೇಲಿನ ಲಕ್ಷಣಗಳಾವವೂ ಇಲ್ಲದೆ ಬರಿಯ ಸೆಳೆತವೇ ಇದ್ದರೆ ಆಗ ಬೆರಳಿಗೆ ಕೆಲಸ ಕೊಡಬಹುದು. ಆಕ್ಯುಪ್ರೆಶರ್ ಎಂದು ಈಗ ಕರೆಯಲಾಗುವ ಈ ಉಪಚಾರವು ಚೀನದ ಪುರಾತನ ವೈದ್ಯದ ಒಂದು ಅಂಗವು. ಸೂಜಿ ಚುಚ್ಚುವ ಸ್ಥಾನಗಳನ್ನೇ ಸೂಜಿಯಿಲ್ಲದೆ ಹೆಬ್ಬೆರಳಿನಿಂದ ಒತ್ತುವದು ಇದರ ಕ್ರಮ. ೧೯೩೮ರಲ್ಲಿ ಹಿಂದುಸ್ಥಾನದಿಂದ ಐವರು ವೈದ್ಯರ ತಂಡವೊಂದು ಚೀನಕ್ಕೆ ಹೋಯಿತು. ಬೆಳಗಾವಿಯಂತೆ ಆಗ ಮುಂಬಯಿ ಇಲಾಖೆಗೆ ಸೇರಿದ್ದ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು ಅದರಲ್ಲಿದ್ದರು. ಅವರು ೧೯೪೨ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಡಾಕ್ಟರ್ ವಿಜಯಕುಮಾರ ಬಸು ಅವರು ಮುಂದೆ ಮತ್ತೆ ಚೀನಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತು ೧೯೫೯ರಲ್ಲಿ ಅದನ್ನು ಭಾರತದಲ್ಲಿ ಆರಂಭಿಸಿದರು.

ನಮ್ಮ ದೇಶಕ್ಕೆ ಈ ಬಗೆಯ ವಿಚಾರವು ಹೊಸದೇನಲ್ಲ. ಚರಕಸಂಹಿತೆಯಲ್ಲಿ ಹೇಳಿದ ೮೦ ವಾತವಿಕಾರಗಳಲ್ಲಿ ಪಿಂಡಿಕೋದ್ವೇಷ್ಟನವೆಂಬುದು ಒಂದು; ಮೀನಖಂಡವು ಹುರಿಗೊಂಡಂತೆ ನೋಯುವದೆಂದೇ ಅದರ ಅರ್ಥ. ಸುಶ್ರುತಸಂಹಿತೆಯಲ್ಲಿ ೧೦೭ ಮರ್ಮಸ್ಥಾನಗಳ ವರ್ಣನೆಯಿದೆ. ಅವುಗಳಲ್ಲಿ ಇಂದ್ರಬಸ್ತಿಯೆಂಬ ಮರ್ಮವು ಮೀನಖಂಡದ ನಡುವಿನಲ್ಲಿದೆ. ಚೀನದ ವೈದ್ಯರು ಸೆಳೆತಕ್ಕೆ ಒತ್ತುವ ಸ್ಥಾನವೂ ಹೆಚ್ಚುಕಡಿಮೆ ಅಲ್ಲಿಯೇ ಇದೆ. ಆದರೆ ಸುಶ್ರುತನು ಮರ್ಮಗಳನ್ನು ಹೇಳಿದ್ದು ಪೆಟ್ಟು ತಗಲದಂತೆ ಕಾಯಬೇಕಾದ ಸ್ಥಾನಗಳೆಂದು. ಆದುದರಿಂದ ಅಲ್ಲಿ ಗುದ್ದುವದೂ ಮೊಣಕೈ ಊರಿ ತಿರುವುವದೂ ಸಲ್ಲದು.

ಈ ಉಪಚಾರದ ಬಲವೆಷ್ಟೆಂಬುದನ್ನೂ ಸರಿಯಾಗಿ ತಿಳಿದಿರಬೇಕು. ಸೆಳೆತವನ್ನು ಬಿಡಿಸುವದರಲ್ಲಿ ಎಳೆತದ ಗುಣವು ಚೆನ್ನಾಗಿ ಸಿದ್ಧವಾಗಿದೆ. ಬೆರಳೊತ್ತಿನ ಗುಣಕ್ಕೆ ಅಷ್ಟು ಬಲವಾದ ಸಾಕ್ಷ್ಯಗಳಿಲ್ಲ; ಆದರೂ ಬಿಗಿದ ಸ್ನಾಯುವಿಗೆ ಹದವಾಗಿ ಒತ್ತು ಕೊಟ್ಟರೆ ಅನೇಕರಿಗೆ ನೋವು ಇಳಿಯುವದು; ಖರ್ಚಿಲ್ಲ, ಕ್ರಮ ತಪ್ಪದಿದ್ದರೆ ಹಾನಿಯೂ ಇಲ್ಲ. ಆದುದರಿಂದ ಎಳೆತವನ್ನು ಮೊದಲು ಮಾಡಿ, ಒತ್ತನ್ನು ಅದಕ್ಕೆ ಸಹಾಯಕವಾಗಿ ಉಪಯೋಗಿಸುವದು ಯೋಗ್ಯವು. ಸಕ್ಕರೆರೋಗ, ರಕ್ತದೊತ್ತಡ ಮೊದಲಾದ ಕಾಯಿಲೆಗಳು ಒತ್ತಿನಿಂದ ವಾಸಿಯಾಗುವವೆಂದು ಯಾರಾದರೂ ಹೇಳಿದರೆ ನಂಬಿ ಔಷಧ ಬಿಡಕೂಡದು.

೪. ಉಪಚಾರದ ಕ್ರಮ

ಒತ್ತಿನ ಹದ: ಮಾವಿನಹಣ್ಣು ಪಕ್ವವಾಗಿದೆಯೋ ಎಂದು ನೋಡುವಾಗ ಒತ್ತುವಷ್ಟು ಮೆಲ್ಲಗೆ ಆರಂಭಿಸಿ, ಹಿತವಾದ ನೋವು ತೋರುವವರೆಗೆ ಬಲವನ್ನು ಹೆಚ್ಚಿಸಬೇಕು. ಚುಚ್ಚಿದಂತೆ ನೋವಾದರೆ, ಜೋಮು ಹಿಡಿದರೆ ಕೂಡಲೆ ಬಿಡಬೇಕು. ಹತ್ತು ಎಣಿಸುವವರೆಗೆ ಒತ್ತಿ, ಐದು ಎಣಿಸುವವರೆಗೆ ಬಿಟ್ಟು, ಹೀಗೆ ಐದಾರು ಸಲ ಮಾಡಿದರೆ ಸಾಕು. ಒತ್ತುವಾಗ ರೋಗಿಯು ಉಸಿರು ಬಿಗಿಹಿಡಿಯದೆ ಮೆಲ್ಲನೆ ಬಿಡುತ್ತಿರಬೇಕು. ಉಗುರು ಕತ್ತರಿಸಿರಬೇಕು. ಗಾಯ, ಹುಣ್ಣು, ಊತ, ಉಬ್ಬಿದ ನರಗಳ ಮೇಲೆ ಒತ್ತಬಾರದು.

ಮೀನಖಂಡ: ಕೆಲಸ ನಿಲ್ಲಿಸಿ ನೆರಳಿನಲ್ಲಿ ಕೂಡಬೇಕು. ಕಾಲನ್ನು ನೀಟಾಗಿ ಚಾಚಿ, ಹೆಗಲ ಮೇಲಿನ ವಸ್ತ್ರವನ್ನು ಅಂಗಾಲಿನ ಮುಂಭಾಗಕ್ಕೆ ಸುತ್ತಿ, ಅದರ ಎರಡೂ ತುದಿಗಳನ್ನು ಮೈಕಡೆಗೆ ಎಳೆದು, ಕಾಲ್ಬೆರಳುಗಳು ಮೊಣಕಾಲಿನ ಕಡೆಗೆ ತಿರುಗುವಂತೆ ಮಾಡಬೇಕು. ಅರ್ಧ ಮಿನಿಟು ಹಾಗೆ ಹಿಡಿದು ಬಿಡಬೇಕು. ಗಂಟು ಸಡಿಲಾಗುವವರೆಗೆ ಮತ್ತೆ ಮತ್ತೆ ಮಾಡಬೇಕು. ಜಗ್ಗಿ ಎಳೆಯಬಾರದು. ಅನಂತರ ಒತ್ತಿನ ಸ್ಥಾನವನ್ನು ಹುಡುಕಬೇಕು. ತುದಿಗಾಲಿನ ಮೇಲೆ ನಿಂತಾಗ ಮೀನಖಂಡದ ಎರಡು ಹೊಟ್ಟೆಗಳು ಕೂಡಿ, ಅವುಗಳ ಕೆಳಗೆ ಒಂದು ತಗ್ಗು ಕಾಣುವದು. ಅದು ಹಿಮ್ಮಡಿಗೂ ಮೊಣಕಾಲಿನ ಹಿಂದಿನ ಮಡಿಕೆಗೂ ಸರಿಸುಮಾರು ನಡುವೆ ಇರುವದು. ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟು ಮೇಲಿನ ಹದದಂತೆ ಒತ್ತಬೇಕು. ಎರಡನೆಯ ಸ್ಥಾನವು ಮೊಣಕಾಲಿನ ಹೊರಬದಿಗೆ ಕೈಗೆ ಸಿಗುವ ಎಲುಬಿನ ಗುಂಡಿನ ಮುಂದೆ, ತುಸು ಕೆಳಗಿನ ತಗ್ಗಿನಲ್ಲಿದೆ. ಚೀನದ ವೈದ್ಯದಲ್ಲಿ ಸ್ನಾಯುಗಳ ಸಕಲ ಬೇನೆಗಳಿಗೂ ಇದು ಮುಖ್ಯಸ್ಥಾನವೆಂದು ಮನ್ನಣೆ ಪಡೆದಿದೆ. ಎಲುಬಿನ ಗುಂಡಿನ ಹಿಂಬದಿಗೆ ನರವೊಂದು ಹಾದುಹೋಗುವದರಿಂದ ಅಲ್ಲಿ ಒತ್ತಬಾರದು. ಕೊನೆಗೆ ಹಿಮ್ಮಡಿಯಿಂದ ಮೊಣಕಾಲಿನ ಕಡೆಗೆ ಅಂಗೈಯಿಂದ ಹಗುರವಾಗಿ ನೀವಬೇಕು.

ಪಾದ: ಕಾಲ್ಬೆರಳುಗಳನ್ನು ಕೈಯಿಂದ ಮೇಲಕ್ಕೆ ಬಾಗಿಸಿ ಅಂಗಾಲನ್ನು ಚಾಚಬೇಕು. ಹೆಬ್ಬೆರಳು ಮತ್ತು ಅದರ ಮಗ್ಗುಲಿನ ಬೆರಳುಗಳ ಸಂದಿಯಿಂದ ಎರಡು ಬೆರಳಗಲ ಮೇಲಕ್ಕೆ ಪಾದದ ಬೆನ್ನಿನ ಮೇಲಿರುವ ತಗ್ಗಿನಲ್ಲಿ ಒತ್ತಬೇಕು.

ನಡ: ನಾಟಿಯಲ್ಲಿ ಬಗ್ಗಿ ಬಗ್ಗಿ ಹಿಡಿದ ನಡುವನ್ನು ಒಮ್ಮೆಲೆ ಹಿಂದಕ್ಕೆ ಮುರಿಯಬಾರದು. ನೆಲದ ಮೇಲೆ ಅಂಗಾತ ಮಲಗಿ, ಮಡಚಿದ ಮೊಣಕಾಲುಗಳ ಕೆಳಗೆ ತುಂಬಿದ ಚೀಲವನ್ನಿಟ್ಟುಕೊಂಡು ಹತ್ತು ಮಿನಿಟು ವಿಶ್ರಾಂತಿ ಪಡೆಯಬೇಕು. ಅನಂತರ ಬೆನ್ನೆಲುಬಿನಿಂದ ಎರಡು ಬೆರಳಗಲ ದೂರದಲ್ಲಿ, ಎರಡೂ ಬದಿಯ ಸ್ನಾಯುಗಳ ಮೇಲೆ ಹೆಬ್ಬೆರಳಿನಿಂದ ಒತ್ತಬಹುದು. ಒಂಟಿಯಾಗಿರುವವನು ಮಕ್ಕಳಾಡುವ ಚೆಂಡನ್ನು ಬೆನ್ನಿಗೂ ಗೋಡೆಗೂ ನಡುವೆ ಇಟ್ಟುಕೊಂಡು ಮೈಯನ್ನೊರಗಿಸಿದರೆ ಅದೇ ಕೆಲಸವಾಗುವದು. ಬೆನ್ನೆಲುಬಿನ ಮೇಲೆಯೇ ಒತ್ತುವದು, ಮಕ್ಕಳನ್ನು ಬೆನ್ನ ಮೇಲೆ ಹತ್ತಿಸಿ ತುಳಿಸುವದು ಇವನ್ನು ಬಿಡಬೇಕು. ಹಾಗೆಂದು ದಿನಗಟ್ಟಲೆ ಮಲಗುವದೂ ತಪ್ಪು. ನೋವು ತಾಳುವಷ್ಟು ಮೆಲ್ಲನೆ ನಡೆದಾಡುವದರಿಂದಲೇ ನಡವು ಬೇಗ ಸುಧಾರಿಸುವದು.

ಕುತ್ತಿಗೆ: ಗಲ್ಲವನ್ನು ಮೆಲ್ಲನೆ ಎದೆಯ ಕಡೆಗೂ ಆಮೇಲೆ ಒಂದೊಂದು ಹೆಗಲಿನ ಕಡೆಗೂ ಬಾಗಿಸಬೇಕು. ಕುತ್ತಿಗೆ ಹಾಗೂ ಭುಜದ ನಡುವಿನ ಮಾಂಸಲ ಭಾಗವನ್ನು ಬೆರಳುಗಳಿಂದ ಹಿಡಿದು ಒತ್ತಬೇಕು. ಬಸುರಿಯರಿಗೆ ಇಲ್ಲಿ ಒತ್ತಬಾರದು. ಕ್ಷೌರದಂಗಡಿಗಳಲ್ಲಿ ಕುತ್ತಿಗೆಯನ್ನು ಲಟಕ್ಕೆಂದು ತಿರುಗಿಸುವ ರೂಢಿಯು ಬಹಳ ಅಪಾಯಕರವು. ಮಿದುಳಿಗೆ ರಕ್ತವನ್ನೊಯ್ಯುವ ನಾಳವು ಹರಿದು ಪಾರ್ಶ್ವವಾಯು ಬರಬಹುದು. ಕುತ್ತಿಗೆಯ ಮುಂಭಾಗವನ್ನೂ ಮಗ್ಗುಲಲ್ಲಿ ನಾಡಿ ಮಿಡಿಯುವ ಸ್ಥಾನವನ್ನೂ ಯಾವಾಗಲೂ ಒತ್ತಬಾರದು.

ಕೈ: ಕುಡುಗೋಲು ಹಿಡಿದು ಬಿಗಿದ ಅಂಗೈಯನ್ನು ಇನ್ನೊಂದು ಕೈಯಿಂದ ಬಿಚ್ಚಿ ಬೆರಳುಗಳನ್ನು ಹಿಂದಕ್ಕೆ ಚಾಚಬೇಕು. ಹೆಬ್ಬೆರಳು, ತೋರುಬೆರಳುಗಳ ನಡುವಿನ ಮಾಂಸಲ ಭಾಗವನ್ನು ಒತ್ತಬೇಕು. ಈ ಸ್ಥಾನವನ್ನೂ ಒಳಹರಡಿನಿಂದ ನಾಲ್ಕು ಬೆರಳಗಲ ಮೇಲೆ ಕಾಲಿನಲ್ಲಿರುವ ಸ್ಥಾನವನ್ನೂ ಬಸುರಿಯರಿಗೆ ಒತ್ತಬಾರದೆಂಬುದು ಈ ವಿದ್ಯೆಯ ಸಂಪ್ರದಾಯವು; ಅದನ್ನು ಪಾಲಿಸುವದೇ ಲೇಸು.

೫. ಕಾವು, ತಂಪು, ಔಷಧ

ಹಳೆಯ ಬಿಗಿತಕ್ಕೆ ಕಾವು, ಹೊಸದಾಗಿ ಉಳುಕಿ ಊದಿದ್ದಕ್ಕೆ ತಂಪು, ಇದು ಸಾಮಾನ್ಯ ನಿಯಮವು. ಬಿಸಿಮಾಡಿದ ಉಪ್ಪು ಅಥವಾ ಉಸುಕನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಕಾವು ಕೊಡುವ ಮೊದಲು ಕೊಡುವವರು ತಮ್ಮ ಕೈಯ ಮೇಲೆ ಅದನ್ನು ಪರೀಕ್ಷಿಸಬೇಕು. ಸಕ್ಕರೆರೋಗಿಗಳ ಪಾದಕ್ಕೆ ಅರಿವು ಕಡಿಮೆಯಿರುವದರಿಂದ ಅವರಿಗೆ ಸುಟ್ಟದ್ದೇ ತಿಳಿಯುವದಿಲ್ಲ. ಎಳ್ಳೆಣ್ಣೆ, ಕೊಬ್ಬರಿಎಣ್ಣೆಗಳಿಂದ ಬೆರಳು ಸರಾಗವಾಗಿ ಆಡುವದು. ಮಲೇರಿಯಕ್ಕೆ ಕೊಡುತ್ತಿದ್ದ ಕ್ವಿನೈನನ್ನು ಹಿಂದೆ ಕಾಲಿನ ಸೆಳೆತಕ್ಕೂ ಕೊಡುವ ವಾಡಿಕೆಯಿತ್ತು. ರಕ್ತಕ್ಕೂ ಹೃದಯಕ್ಕೂ ಅದರಿಂದ ಹಾನಿಯಾಗಬಹುದೆಂದು ತಿಳಿದುಬಂದಿರುವದರಿಂದ ವೈದ್ಯರು ಹೇಳದೆ ಅದನ್ನು ಸೇವಿಸಬಾರದು. ಪೇಟೆಯಲ್ಲಿ ದೊರೆಯುವ ಮೆಗ್ನೀಸಿಯಮ್ ಗುಳಿಗೆಗಳಿಂದ ವಯಸ್ಸಾದವರ ಸೆಳೆತಕ್ಕೆ ಹೇಳಿಕೊಳ್ಳುವಂಥ ಗುಣವಿಲ್ಲವೆಂಬುದು ಪರೀಕ್ಷೆಗಳಿಂದ ಕಂಡುಬಂದಿದೆ.

೬. ಬಾರದಂತೆ ತಡೆಯುವ ಉಪಾಯಗಳು

ಮಲಗುವ ಮೊದಲು ಎಳೆತ: ಗೋಡೆಯಿಂದ ಎರಡು ಅಡಿ ದೂರ ನಿಂತು, ಅಂಗೈಗಳನ್ನು ಗೋಡೆಗೆ ಊರಿ, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮುಂದಕ್ಕೆ ಬಾಗಿದರೆ ಮೀನಖಂಡವು ಚಾಚಿಕೊಳ್ಳುವದು. ಹತ್ತು ಎಣಿಸಿ ಬಿಟ್ಟು, ಮೂರು ಸಲ ಮಾಡಬೇಕು. ೨೦೧೨ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್ ದೇಶದ ಪರೀಕ್ಷೆಯೊಂದರಲ್ಲಿ ೫೫ ವರ್ಷ ದಾಟಿದ ೮೦ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಂದ ೬ ವಾರಗಳವರೆಗೆ ಮಲಗುವ ಮೊದಲು ಮೀನಖಂಡ ಮತ್ತು ತೊಡೆಯ ಹಿಂಭಾಗದ ಇಂಥ ಎಳೆತವನ್ನು ಮಾಡಿಸಿದರು. ಅವರಲ್ಲಿ ರಾತ್ರಿಯ ಸೆಳೆತಗಳು ಇನ್ನೊಂದು ಗುಂಪಿಗಿಂತ ಕಡಿಮೆಯಾದವು, ನೋವೂ ಇಳಿಯಿತು. ಒಂದು ಕಾಸೂ ಖರ್ಚಿಲ್ಲದ ಈ ಅಭ್ಯಾಸವು ಪ್ರತಿಯೊಂದು ಮನೆಯಲ್ಲಿಯೂ ನಡೆಯತಕ್ಕದ್ದು.

ನೀರು ಮತ್ತು ಉಪ್ಪು: ಬಿಸಿಲಿನ ಕೆಲಸದಲ್ಲಿ ನೀರಡಿಕೆಯಾಗುವವರೆಗೆ ಕಾಯದೆ ೧೫-೨೦ ಮಿನಿಟಿಗೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಬಹಳ ಬೆವರಿದವರಿಗೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಗಂಜಿಯು ಬರಿಯ ನೀರಿಗಿಂತ ಮೇಲು. ಅದು ದೊರೆಯದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಚಹದ ಚಮಚೆಯಿಂದ ಮಟ್ಟಸವಾಗಿ ೬ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕರಗಿಸಬೇಕು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ರೋಗವಿದ್ದವರು ವೈದ್ಯರನ್ನು ಕೇಳಿ ಉಪ್ಪು ಸೇವಿಸತಕ್ಕದ್ದು. ಬಿಸಿಲಿನಲ್ಲಿ ಸೆಳೆತ ಬಂದವನು ಮಾತು ತೊದಲಿ, ಬುದ್ಧಿಭ್ರಮೆಗೊಂಡು, ಮೈ ಕಾದ ಹಂಚಿನಂತಾದರೆ ಅದು ಉಷ್ಣಾಘಾತ. ಅವನ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ವಾಹನವನ್ನು ಕರೆಯಿಸಬೇಕು; ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು.

ಕೆಲಸದ ಬಗೆ: ನಾಟಿ ಮಾಡುವವರು ತಾಸಿಗೊಮ್ಮೆ ಬದುವಿನ ಮೇಲೆ ಬಂದು ನಡುವನ್ನು ನೆಟ್ಟಗೆ ಮಾಡಿ ಎರಡು ಮಿನಿಟು ನಿಲ್ಲಬೇಕು. ಬಗ್ಗುವ ಕೆಲಸವನ್ನೂ ನಡೆದಾಡುವ ಕೆಲಸವನ್ನೂ ಸರದಿಯಿಂದ ಹಂಚಿಕೊಟ್ಟರೆ ಒಬ್ಬರ ನಡುವಿಗೇ ಎಲ್ಲ ಭಾರವೂ ಬೀಳುವದಿಲ್ಲ. ಚೀಲವನ್ನೆತ್ತುವವನು ನಡುವಿನಿಂದ ಬಗ್ಗದೆ ಮೊಣಕಾಲು ಮಡಿಚಿ, ಚೀಲವನ್ನು ಎದೆಗೆ ಹತ್ತಿರ ಹಿಡಿದು ಏಳಬೇಕು. ಕಾಲಿನಲ್ಲಿ ಗಾಯ, ಬಿರುಕುಗಳಿದ್ದವರನ್ನು ಕೆಸರಿಗೆ ಇಳಿಸಬಾರದು; ಇಳಿಯಲೇಬೇಕಾದರೆ ರಬ್ಬರಿನ ಬೂಟು ಒದಗಿಸಬೇಕು. ಸಂಜೆಗೆ ಸಾಬೂನಿನಿಂದ ಕಾಲು ತೊಳೆದು ಒರಸಿಕೊಳ್ಳುವ ರೂಢಿಯನ್ನು ಹಾಕಬೇಕು.

೭. ಊರ ಮುಖಂಡರ ಮತ್ತು ಭೂಮಾಲಿಕರ ಕರ್ತವ್ಯ

ನಾಟಿ ಹಾಗೂ ಕಬ್ಬಿನ ಕಡಿತದ ದಿನಗಳು ಬರುವ ಮೊದಲೇ ಊರ ಮುಖಂಡರು ಆಶಾ ಕಾರ್ಯಕರ್ತೆಯರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೂ ಕರೆಯಿಸಿ, ಪಂಚಾಯತಿಯ ಕಟ್ಟೆಯ ಮೇಲೆ ಒಂದು ಸಂಜೆ ಈ ಎಳೆತ, ಒತ್ತುಗಳನ್ನು ಮಾಡಿ ತೋರಿಸುವ ವ್ಯವಸ್ಥೆ ಮಾಡಬಹುದು. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಕಲಿಸುವಂತಾಗಬೇಕು. ಪ್ರತಿಯೊಬ್ಬ ಭೂಮಾಲಿಕನು ಹೊಲದಲ್ಲಿ ಕುಡಿಯುವ ನೀರು, ನೆರಳು, ಉಪ್ಪು-ಸಕ್ಕರೆಯ ಪೊಟ್ಟಣ, ಸಾಬೂನು, ಗಾಯ ಕಟ್ಟುವ ಬಟ್ಟೆ ಇಷ್ಟನ್ನು ಇಡತಕ್ಕದ್ದು. ಧನುರ್ವಾಯುವಿನ ಚುಚ್ಚುಮದ್ದು ಯಾರಿಗೆ ಆಗಿದೆ, ಯಾರಿಗೆ ಆಗಿಲ್ಲವೆಂಬುದನ್ನು ಕೇಳಿ ಬರೆದಿಡುವದು ಒಳ್ಳೆಯದು. ಹೊರಜಿಲ್ಲೆಗಳಿಂದಲೂ ಮಹಾರಾಷ್ಟ್ರದಿಂದಲೂ ಕಬ್ಬು ಕಡಿಯಲು ಬರುವವರು ಊರಿಗೆ ಹೊಸಬರಾದುದರಿಂದ ದವಾಖಾನೆಯ ದಾರಿಯನ್ನು ಅವರಿಗೆ ಮೊದಲೇ ತೋರಿಸಬೇಕು.

ಕಾಡಿನ ಅಂಚಿನ ಊರುಗಳಿಂದ ಖಾನಾಪುರದ ತಾಲೂಕಾ ದವಾಖಾನೆಗೆ ಬರಲು ಮಳೆಗಾಲದಲ್ಲಿ ಹೊತ್ತು ಹಿಡಿಯುವದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಳಗಾವಿಯ ಜಿಲ್ಲಾ ದವಾಖಾನೆಗೆ ಹೋಗಬೇಕಾಗುವದು. ಆದುದರಿಂದ ೧೦೮ ಸಂಖ್ಯೆಗೆ ಕರೆ ಮಾಡುವದನ್ನು ಸಂಜೆಯವರೆಗೆ ಮುಂದೂಡತಕ್ಕದ್ದಲ್ಲ. ಮೇಲಿಂದ ಮೇಲೆ ಸೆಳೆತ ಬರುವವರು ಸಕ್ಕರೆ, ಮೂತ್ರಪಿಂಡಗಳ ಪರೀಕ್ಷೆ ಮಾಡಿಸಿಕೊಳ್ಳಬೇಕು. ದೇಶೀಯ ಪದ್ಧತಿಯ ಅಭ್ಯಂಗ, ಮರ್ಮಚಿಕಿತ್ಸೆಗಳನ್ನು ಬಯಸುವವರು ಕಂಡಕಂಡವರ ಕೈಗೆ ಮೈಯೊಪ್ಪಿಸದೆ, ವಿಧಿಯಂತೆ ಕಲಿತ ಆಯುರ್ವೇದ ವೈದ್ಯರನ್ನೇ ಕಾಣತಕ್ಕದ್ದು; ಇಂಥವರನ್ನು ಸಿದ್ಧಪಡಿಸುವ ಆಯುರ್ವೇದ ಮಹಾವಿದ್ಯಾಲಯವು ಬೆಳಗಾವಿಯ ಶಾಹಪುರದಲ್ಲಿಯೇ ಇದೆ.

ಕೂಲಿಯ ಲೆಕ್ಕದ ಪುಸ್ತಕದಲ್ಲಿ ಹತ್ತು ಮಿನಿಟಿನ ವಿಶ್ರಾಂತಿಯು ನಷ್ಟವಾಗಿ ತೋರಬಹುದು. ಆದರೆ ಸೆಳೆತದಿಂದ ಬಿದ್ದವನು ಅರ್ಧ ದಿನ ಕೂಡುವನು; ಇಲಿಜ್ವರವನ್ನು ಮೈನೋವೆಂದು ತಿಕ್ಕಿಸಿಕೊಂಡವನು ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬಹುದು, ಇಲ್ಲವೆ ಏಳದೆಯೂ ಹೋಗಬಹುದು; ಅವನ ಮನೆಯವರ ಅನ್ನವೂ ಅವನೊಡನೆಯೇ ಹೋಗುವದು. ಬದುವಿನ ಮೇಲೆ ಕುಳಿತವನು ಕಾಲು ಹಿಡಿದುಕೊಂಡು "ನೋವು" ಎಂದಾಗ, ಮಾಲಿಕನು ಮೊದಲು ಅವನ ಹಣೆಯನ್ನು ಮುಟ್ಟಿ ನೋಡಲಿ, ಕಣ್ಣುಗಳನ್ನು ನೋಡಲಿ, ಎರಡೂ ಕಾಲುಗಳನ್ನು ಸರಿಗೂಡಿಸಿ ನೋಡಲಿ, ಗಾಯವಾಗಿತ್ತೋ ಔಷಧ ಸಿಂಪಡಿಸಿದ್ದನೋ ಎಂದು ಕೇಳಲಿ. ಇವಕ್ಕೆಲ್ಲ ಒಂದು ಮಿನಿಟು ಸಾಕು. ಆಮೇಲೆ ಕಾಲ್ಬೆರಳನ್ನು ಎಳೆಯುವದೋ ವಾಹನವನ್ನು ಕರೆಯುವದೋ ಎಂಬುದು ತಾನಾಗಿಯೇ ತಿಳಿಯುವದು.